ಗಿರಣಿಯ ಲೆಕ್ಕಿಗರ ಹೆರಿಗೆ ರಜೆ

ಗಂಗಾವತಿಯ ಅಕ್ಕಿ ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವ ಪ್ರಶ್ನಕರ್ತರಿಗೆ ಇದು ಮೊದಲ ಹೆರಿಗೆಯಾಗಿರುವುದರಿಂದ, ಮೂರು ತಿಂಗಳಲ್ಲಿ ಮರಳಬೇಕೆಂಬ ಆಡಳಿತದ ಷರತ್ತಿಗೆ ಕಾನೂನಿನ ಬಲವಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯು ಮೊದಲೆರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ನೀಡಿದ್ದು, 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿರುವುದೇ ಮುಖ್ಯ ಅರ್ಹತೆ. ಈ ರಜೆಯಲ್ಲಿ ಹೆರಿಗೆಗೆ ಮುಂಚೆ ಬಳಸಬಹುದಾದದ್ದು ಗರಿಷ್ಠ 8 ವಾರ ಮಾತ್ರ. ಆದ್ದರಿಂದ ಏಳನೆಯ ತಿಂಗಳ ಕುಬಸ ಮುಗಿಸಿ ನೇರವಾಗಿ ಯಲಬುರ್ಗಾದ ತವರಿಗೆ ಹೋಗುವವರು (ಹಿರಿಯರ ಒತ್ತಾಯ ಸಹಜವೇ) ಬಾಣಂತನದ ವಾರಗಳನ್ನು ಮೊದಲೇ ಕಳೆದುಕೊಳ್ಳುತ್ತಾರೆಂಬುದನ್ನು ಕುಟುಂಬವು ಗಮನಿಸಬೇಕು. ರಜೆಯ ಅರ್ಜಿಯನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯುವುದು ಅಗತ್ಯ. ರಜೆಯ ಕಾರಣಕ್ಕೆ ಕೆಲಸದಿಂದ ತೆಗೆಯುವುದು ನಿಷಿದ್ಧವಾಗಿದ್ದು, ಅಂಥ ಸಂದರ್ಭದಲ್ಲಿ ಕಾರ್ಮಿಕ ಇಲಾಖೆಗೆ ದೂರು ಸಲ್ಲಿಸಬಹುದು. ಮರಳಿದ ಮೇಲೆ, ಮಗುವಿಗೆ 15 ತಿಂಗಳಾಗುವವರೆಗೆ, ಹಾಲೂಡಿಸಲು ದಿನಕ್ಕೆ ಎರಡು ಬಿಡುವುಗಳು ಸಿಗಬೇಕು.

ಕುಷ್ಟಗಿಯ ಬೀಜೋತ್ಪಾದನೆಯ ಹೊಲಗಳಲ್ಲಿ ದಿನಗೂಲಿಗೆ ದುಡಿಯುವ ಸಂಬಂಧಿಯ ಕುರಿತ ಎರಡನೆಯ ಪ್ರಶ್ನೆಗೆ ಉತ್ತರ ಇಷ್ಟು ಸಮಾಧಾನಕರವಲ್ಲ: ಅವರಿಗೆ ಮುಖ್ಯವಾಗಿ ದೊರೆಯುವುದು ಮೊದಲ ಮಗುವಿಗೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ 5,000 ರೂಪಾಯಿ ಮತ್ತು ಅಂಗನವಾಡಿಯ ಮಾತೃಪೂರ್ಣ ಊಟ.