ಮೊದಲ ಪರೀಕ್ಷೆ ನಿನ್ನದಾಗಲಿ

ಅಂತರಸನಹಳ್ಳಿ, ತುಮಕೂರು

ಚಿರಂಜೀವಿಗೆ,

ವಿವಾಹವಾಗಿ ಮೂರು ಸಂವತ್ಸರಗಳು ಕಳೆದರೂ ಸಂತಾನಭಾಗ್ಯವಾಗಲಿಲ್ಲವೆಂದೂ, ಸೊಸೆಯನ್ನು ಅವಳ ತಾಯಿಯ ಜೊತೆಮಾಡಿ ಒಂದು ಸಲ ಆಸ್ಪತ್ರೆಗೂ ನಾಲ್ಕು ಸಲ ಕ್ಷೇತ್ರಗಳಿಗೂ ಕಳುಹಿಸಿದೆನೆಂದೂ ಕುಣಿಗಲಿನಿಂದ ನೀನು ಬರೆದ ಕಾಗದವನ್ನು, ಮಾರುಕಟ್ಟೆಯಿಂದ ಬಂದವನೇ ಎರಡು ಬಾರಿ ಓದಿದೆನು. ನೀನು ಏನು ಪರೀಕ್ಷೆ ಮಾಡಿಸಿಕೊಂಡೆಯೆಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಇದೇ ಚಿಂತೆಯನ್ನು ಹೊತ್ತ ಇತರ ತರುಣರೂ ಓದಲೆಂದು ಈ ಉತ್ತರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನನ್ನ ಅಪರಾಧವನ್ನು ಮೊದಲು ಹೇಳಿಬಿಡುತ್ತೇನೆ. ನಿನ್ನ ದೊಡ್ಡಮ್ಮ ಏಳು ವರ್ಷ ಸೋಮವಾರದ ಒಪ್ಪತ್ತು ಹಿಡಿದಳು. ಹರಕೆಯ ಕಾಸನ್ನು ಅರಿಸಿನದ ಬಟ್ಟೆಯಲ್ಲಿ ಗಂಟುಕಟ್ಟಿ ದೇವರ ಗೂಡಿನಲ್ಲಿಟ್ಟಳು. ನನ್ನ ತಂಗಿಯ ಸೀಮಂತದ ದಿನ, ಮುತ್ತೈದೆಯರೆಲ್ಲರೂ ಹಸೆಯ ಸುತ್ತ ನೆರೆದಿರಲು, ತನ್ನ ಸರದಿ ಬಂದಾಗ ಆರತಿಯ ತಟ್ಟೆ ತನ್ನನ್ನು ದಾಟಿ ಮತ್ತೊಬ್ಬರ ಕೈಗೆ ಹೋದುದನ್ನು ಕಂಡು, ಯಾರೊಡನೆಯೂ ಏನೂ ಆಡದೆ ಅಡಿಗೆಮನೆಗೆ ಹೋಗಿ, ಈಳಿಗೆಮಣೆಯ ಮೇಲೆ ಕುಳಿತು, ಬೇಕಾದುದಕ್ಕಿಂತ ಮಿಗಿಲಾಗಿ ತೆಂಗಿನಕಾಯನ್ನು ತುರಿಯುತ್ತಲೇ ಇದ್ದ ಆಕೆಯ ಬೆನ್ನನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆನು. ನೋಡಿಯೂ ಒಳಗೆ ಹೋಗಲಿಲ್ಲ. ಎಂಟನೆಯ ವರ್ಷ ವೈದ್ಯರೊಬ್ಬರು ಪಟ್ಟುಹಿಡಿದ ಮೇಲೆ ನನ್ನ ವೀರ್ಯಪರೀಕ್ಷೆಯಾಯಿತು. ಕೊರತೆಯಿದ್ದುದು ನನ್ನಲ್ಲಿ.

ಆದುದರಿಂದ ಮೊದಲ ಪರೀಕ್ಷೆ ನಿನ್ನದಾಗಲಿ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನ ಕಾರಣವೂ ಸೇರಿರುತ್ತದೆ. 2ರಿಂದ 7 ದಿನಗಳ ಸಂಯಮದ ತರುವಾಯ ಮಾದರಿ ಕೊಡಬೇಕು. ವೀರ್ಯಾಣುಗಳ ಎಣಿಕೆ ಕಡಮೆ ಬಂದರೆ ಅದೇ ಕಡೆಯ ತೀರ್ಪಲ್ಲ, ಮತ್ತೊಮ್ಮೆ ಮಾಡಿಸಬೇಕು. ವೀರ್ಯಾಣು ರೂಪುಗೊಂಡು ಬಲಿಯಲು ಎರಡೂವರೆ ತಿಂಗಳು ಹಿಡಿಯುವುದರಿಂದ, ಇಂದು ಸಿಗರೇಟು ಬಿಟ್ಟದ್ದರ ಫಲ ಮೂರು ತಿಂಗಳ ಮೇಲೆ ಕಂಡೀತು. ಮೈ ಹುರಿಗಟ್ಟಲೆಂದು ಜಿಮ್ಮಿನಲ್ಲಿ ಹಾಕುವ ಟೆಸ್ಟೋಸ್ಟಿರಾನ್ ಚುಚ್ಚುಮದ್ದು ವೀರ್ಯಾಣುಗಳನ್ನೇ ಬತ್ತಿಸುತ್ತದೆ. ಅದರ ಹತ್ತಿರ ಸುಳಿಯಬೇಡ. ಸೊಸೆಗೆ ಅಂಡೋತ್ಪತ್ತಿ, ಥೈರಾಯ್ಡ್, ಗರ್ಭನಾಳಗಳ ಪರೀಕ್ಷೆಗಳಾಗಲಿ. ನಮ್ಮ ದೇಶದಲ್ಲಿ ಎಂದೋ ಬಂದ ಕ್ಷಯವೂ ನಾಳಗಳನ್ನು ಮುಚ್ಚಿರುವುದುಂಟು. ಒಂದು ವರ್ಷ ಕಾದ ಮೇಲೆ ವೈದ್ಯರನ್ನು ಕಾಣಬೇಕು. ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಿಗೆ ಕಾಣಬೇಕು. ನೀವು ಮೂರು ವರ್ಷ ಕಾದಿದ್ದೀರಿ.

ಚಿಕಿತ್ಸೆಯೆಂದರೆ ಕೆಲವರಿಗೆ ಅಂಡ ಬಲಿಸುವ ಮಾತ್ರೆಯೇ ಸಾಕಾದೀತು, ಕೆಲವರಿಗೆ ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವ ಐಯುಐ. ನಾಳ ಮುಚ್ಚಿದ್ದರೆ ಅಂಡವನ್ನೂ ವೀರ್ಯಾಣುವನ್ನೂ ದೇಹದ ಹೊರಗೆ ಕೂಡಿಸುವ ಐವಿಎಫ್, ವೀರ್ಯಾಣು ತೀರ ವಿರಳವಾಗಿದ್ದರೆ ಒಂದೇ ವೀರ್ಯಾಣುವನ್ನು ಅಂಡದೊಳಕ್ಕೆ ಚುಚ್ಚಿ ಸೇರಿಸುವ ಇಕ್ಸಿ. ಪ್ರನಾಳ ಶಿಶುವೆಂದರೆ ಮೂಗುಮುರಿಯುವ ಬಂಧುಗಳಿಗೆ, ಕಲಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ 1978ರ ಅಕ್ಟೋಬರ್ 3ರಂದೇ ಅಂತಹ ಶಿಶು ನಮ್ಮ ದೇಶದಲ್ಲಿ ಜನಿಸಿತೆಂದು ಹೇಳು. ಇಂತಹ ಚಿಕಿತ್ಸೆಗಳಿಗೆಂದೇ ಇರುವ 2021ರ ಕಾಯಿದೆಯಂತೆ ನೋಂದಣಿಯಾದ ಚಿಕಿತ್ಸಾಲಯವೇ ಆಗಲಿ. ಗಂಡುಮಗುವನ್ನೇ ಮಾಡಿಕೊಡುತ್ತೇವೆನ್ನುವವರ ಬಾಗಿಲನ್ನು ತುಳಿಯಬೇಡ, ಅದು ಅಪರಾಧ. ಎಷ್ಟು ಸಲ, ಎಷ್ಟು ಹಣ, ಎಲ್ಲಿಗೆ ನಿಲ್ಲಿಸುವುದು ಎಂಬುದನ್ನು ಮೊದಲ ಚುಚ್ಚುಮದ್ದಿಗೆ ಮುಂಚೆಯೇ ಇಬ್ಬರೂ ಕುಳಿತು ಗೊತ್ತುಮಾಡಿಕೊಳ್ಳಿ. ನಿಲ್ಲಿಸೋಣವೆಂದು ಹೇಳುವ ಅಧಿಕಾರ ಅವಳಿಗೆ ಹೆಚ್ಚು, ಸೂಜಿ ಚುಚ್ಚುವುದು ಅವಳ ಮೈಗೆ. ದತ್ತು ತೆಗೆದುಕೊಳ್ಳುವುದನ್ನು ಸೋತವರ ದಾರಿಯೆಂದು ಎಣಿಸಬೇಡ. ನಮಗೆ ಆ ಯೋಚನೆ ಬಂದಾಗ ವಯಸ್ಸು ಮೀರಿತ್ತು.

ನಮ್ಮ ಗುಬ್ಬಿ ಸೀಮೆಯಲ್ಲಿ ಹುಟ್ಟಿ, ಮಕ್ಕಳಿಲ್ಲದೆ ಮರಗಳನ್ನೇ ಸಾಕಿದ ಸಾಲುಮರದ ತಿಮ್ಮಕ್ಕನವರ ಕಥೆಯನ್ನು ಮಕ್ಕಳಿಲ್ಲದ ಹೆಂಗಸರಿಗೆ ಸಮಾಧಾನಕ್ಕಾಗಿ ಹೇಳುವುದು ವಾಡಿಕೆ. ನಾನು ಆ ಕಥೆಯನ್ನು ಗಂಡಸರಿಗೆ ಹೇಳಬಯಸುತ್ತೇನೆ. ಹುಲಿಕಲ್ಲಿನಿಂದ ಕುದೂರಿನವರೆಗಿನ ರಸ್ತೆಯಲ್ಲಿ ಆಲದ ಸಸಿಗಳನ್ನು ನೆಟ್ಟಾಗ, ಬೇಸಗೆಯಲ್ಲಿ ಕೊಡ ಹೊತ್ತು ನೀರೆರೆದವರು ತಿಮ್ಮಕ್ಕನವರೊಬ್ಬರೇ ಅಲ್ಲ. ಪತಿ ಚಿಕ್ಕಯ್ಯನವರೂ ಜೊತೆಯಲ್ಲಿ ಹೊತ್ತರು. 1991ರಲ್ಲಿ ಚಿಕ್ಕಯ್ಯನವರು ತೀರಿಕೊಂಡರು. 2019ರಲ್ಲಿ ತಿಮ್ಮಕ್ಕನವರಿಗೆ ಪದ್ಮಶ್ರೀ ಬಂದಾಗ ನನಗೆ ನೆನಪಾದುದು ಆ ಎರಡನೆಯ ಕೊಡ.

ಪರೀಕ್ಷೆಯ ದಿನ ಗೊತ್ತಾದೊಡನೆ ತಿಳಿಸು. ಒಬ್ಬನೇ ಹೋಗಲು ಸಂಕೋಚವಾದರೆ ನಾನು ಬರುತ್ತೇನೆ. ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ