ಕರ್ಟ್ಲಂಡ್ ಉಲಿಯಕ್ಕಿಯೂ ಅದರ ಕಾಡೂ

ಹಕ್ಕಿಗಳನ್ನು ಕಾಪಾಡಬೇಕಾದರೆ ಅವುಗಳನ್ನು ಕೊಲ್ಲದೆ ಬಿಟ್ಟರೆ ಸಾಕೆಂದು ನಮ್ಮಲ್ಲಿ ಅನೇಕರು ಎಣಿಸುವುದುಂಟು. ಬಲೆಯನ್ನು ಒಡ್ಡದಿರುವುದು, ಕವಣೆಯ ಕಲ್ಲನ್ನು ಬೀಸದಿರುವುದು, ಗೂಡಿನ ಮೊಟ್ಟೆಗಳನ್ನು ಮುಟ್ಟದಿರುವುದು, ಇವೆಲ್ಲ ಒಳ್ಳೆಯ ನಡತೆಗಳೇ ಸರಿ. ಆದರೆ ಯಾರೊಬ್ಬರೂ ಕಲ್ಲೆಸೆಯದಿದ್ದರೂ ಒಂದು ಜಾತಿಯ ಹಾಡುಹಕ್ಕಿಯು ಭೂಮಿಯ ಮೇಲಿನಿಂದ ಅಳಿದುಹೋಗುವ ಸ್ಥಿತಿಗೆ ಬರಬಹುದು. ಅಮೆರಿಕಾ ದೇಶದ ಅಂಥ ಒಂದು ಹಕ್ಕಿಯ ವೃತ್ತಾಂತವನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ. ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಇದನ್ನು ಓದಿ ಮನೆಯ ಮಕ್ಕಳಿಗೂ ತಿಳಿಸಿಕೊಡುವರೆಂದು ನಂಬಿದ್ದೇವೆ.

ಹಕ್ಕಿಯ ಪರಿಚಯ

ಈ ಹಕ್ಕಿಗೆ ಕರ್ಟ್ಲಂಡ್ ಉಲಿಯಕ್ಕಿ ಎಂದು ಹೆಸರು. 1851ರಲ್ಲಿ ಒಹಾಯೋ ಪ್ರಾಂತದ ಕ್ಲೀವ್‌ಲಂಡ್ ಪಟ್ಟಣದ ಸಮೀಪದಲ್ಲಿ ಇದು ಮೊದಲು ಶಾಸ್ತ್ರಜ್ಞರ ಗಮನಕ್ಕೆ ಬಂತು. ಅಲ್ಲಿ ವಾಸವಾಗಿದ್ದ ಜೇರೆಡ್ ಕರ್ಟ್ಲಂಡ್ ಎಂಬ ವೈದ್ಯನೂ ಪ್ರಕೃತಿಶಾಸ್ತ್ರಜ್ಞನೂ ಆದ ಮಹನೀಯನ ಗೌರವಾರ್ಥವಾಗಿ ಅದಕ್ಕೆ ಈ ಹೆಸರಿಟ್ಟರು. ಅದರ ತೂಕವು ನಮ್ಮ ಹಳೆಯ ಬೆಳ್ಳಿ ರೂಪಾಯಿಯ ತೂಕಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಬೆನ್ನು ನೀಲಿಗಲಸಿದ ಬೂದುಬಣ್ಣ, ಅದರ ಮೇಲೆ ಕಪ್ಪು ಗೀರುಗಳು, ಎದೆಯು ಹಳದಿ. ಕುಳಿತಲ್ಲಿ ಬಾಲವನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಿರುವುದು ಇದರ ಅಭ್ಯಾಸ. ಗಂಡುಹಕ್ಕಿಯ ಹಾಡು ಬಹುದೂರದ ವರೆಗೆ ಕೇಳಿಸುವುದು.

ಇದು ಚಳಿಗಾಲವನ್ನು ಬಹಾಮಾ ದ್ವೀಪಗಳಲ್ಲಿ ಕಳೆಯುತ್ತದೆಂಬುದು 1879ರಲ್ಲಿ ತಿಳಿಯಿತು. ಆದರೆ ಗೂಡು ಕಟ್ಟುವ ಸ್ಥಳವು ಮಾತ್ರ ಬಹುಕಾಲ ಗುಟ್ಟಾಗಿಯೇ ಉಳಿದು, 1903ರಲ್ಲಿ ಮಿಚಿಗನ್ ಪ್ರಾಂತದ ಓ ಸೇಬಲ್ ನದಿಯ ಸಮೀಪದಲ್ಲಿ ನಾರ್ಮನ್ ವುಡ್ ಎಂಬಾತನಿಗೆ ಮೊದಲನೆಯ ಗೂಡು ದೊರೆಯಿತು.

ಅದರ ಕಾಡು

ಗೂಡನ್ನು ಕಂಡ ಬಳಿಕ ಒಂದು ವಿಶೇಷವು ಗೊತ್ತಾಯಿತು. ಈ ಹಕ್ಕಿಯು ಎಲ್ಲೆಂದರಲ್ಲಿ ಗೂಡು ಕಟ್ಟುವುದಿಲ್ಲ. ಮರಳು ನೆಲದಲ್ಲಿ ಬೆಳೆದ ಜ್ಯಾಕ್ ಪೈನ್ ಎಂಬ ಮರಗಳ ತೋಪೇ ಅದಕ್ಕೆ ಬೇಕು. ಆ ಮರಗಳೂ ಎಳೆಯವಾಗಿರಬೇಕು. ಸುಮಾರು ಐದು ವರ್ಷಕ್ಕೆ ಕಡಮೆಯಾಗಿರಬಾರದು, ಇಪ್ಪತ್ತು ವರ್ಷಕ್ಕೆ ಹೆಚ್ಚೂ ಆಗಿರಬಾರದು. ತೋಪು ವಿಶಾಲವಾಗಿದ್ದು, ನಡುನಡುವೆ ಹುಲ್ಲಿನ ಬಯಲುಗಳು ಇರಬೇಕು.

ಇದಕ್ಕೆ ಕಾರಣವುಂಟು. ಹಕ್ಕಿಯು ಗೂಡನ್ನು ಮರದ ಮೇಲೆ ಕಟ್ಟದೆ ನೆಲದ ಮೇಲೆ ಹುಲ್ಲಿನಲ್ಲಿ ಕಟ್ಟುತ್ತದೆ. ಎಳೆಯ ಪೈನಿನ ಕೆಳಗಿನ ಕೊಂಬೆಗಳು ನೆಲವನ್ನು ತಾಗುವಂತೆ ಬಾಗಿ ಗೂಡನ್ನು ಮರೆಮಾಡುತ್ತವೆ. ಮರವು ಬೆಳೆದು ಎತ್ತರವಾದಂತೆ ಈ ಕೆಳಗಿನ ಕೊಂಬೆಗಳು ನೆರಳಿನಲ್ಲಿ ಸಾಯುತ್ತವೆ, ಮರೆಯು ತಪ್ಪಿಹೋಗುತ್ತದೆ. ಮರಳು ನೆಲವು ಮಳೆಯ ನೀರನ್ನು ಬೇಗನೆ ಹೀರುವುದರಿಂದ ಗೂಡಿನಲ್ಲಿ ನೀರು ನಿಲ್ಲುವುದಿಲ್ಲ.

ಇನ್ನು ಜ್ಯಾಕ್ ಪೈನ್ ಮರದ ಸ್ವಭಾವವನ್ನು ನೋಡಿರಿ. ಅದರ ಕಾಯಿಗಳು ರಾಳದಿಂದ ಬಿಗಿಯಾಗಿ ಮುಚ್ಚಿಕೊಂಡಿದ್ದು, ಹೆಚ್ಚಾದ ಶಾಖವು ತಗಲಿದಾಗಲೇ ಬಿರಿದು ಬೀಜವನ್ನು ಉದುರಿಸುತ್ತವೆ. ಕಾಡುಗಿಚ್ಚು ಹಳೆಯ ಮರಗಳನ್ನು ಸುಟ್ಟು ಹಾಕಿದಾಗ, ಅದೇ ಬೆಂಕಿಯು ಹೊಸ ತೋಪಿಗೆ ಬೀಜವನ್ನು ಬಿತ್ತುತ್ತದೆ. ಹೀಗೆ ಬೆಂಕಿಯಿಂದ ಎಳೆಯ ಮರಗಳು, ಎಳೆಯ ಮರಗಳಿಂದ ಹಕ್ಕಿಯ ಮನೆ, ಎಂಬ ಸರಪಣಿಯು ಅನೇಕ ಯುಗಗಳಿಂದ ನಡೆದುಬಂದಿತ್ತು. ಮನುಷ್ಯರು ತಮ್ಮ ಮನೆಗಳನ್ನೂ ಮರಮುಟ್ಟುಗಳನ್ನೂ ಉಳಿಸಿಕೊಳ್ಳುವುದಕ್ಕಾಗಿ ಕಾಡುಗಿಚ್ಚನ್ನು ಸಮರ್ಥವಾಗಿ ನಂದಿಸಲು ಕಲಿತಾಗ, ತಿಳಿಯದೆಯೇ ಈ ಸರಪಣಿಯ ಮೊದಲನೆಯ ಕೊಂಡಿಯನ್ನು ಕಳಚಿದರು.

ಕೌಬರ್ಡಿನ ಉಪದ್ರವ

1951ರಲ್ಲಿ ಈ ಜಾತಿಯ ಹಾಡುವ ಗಂಡುಹಕ್ಕಿಗಳನ್ನೆಲ್ಲ ಕಿವಿಯಿಂದ ಕೇಳಿ ಎಣಿಸಿದರು. ಅವು 432 ಇದ್ದುವು. 1961ರಲ್ಲಿ 502 ಸಿಕ್ಕಿದುವು. ಆದರೆ 1971ರಲ್ಲಿ ಎಣಿಸಿದಾಗ 201 ಮಾತ್ರವೇ ಉಳಿದಿದ್ದುವು. ಹತ್ತು ವರ್ಷಗಳಲ್ಲಿ ನೂರಕ್ಕೆ ಅರುವತ್ತು ಪಾಲು ಇಲ್ಲವಾಗಿದ್ದಿತು.

ಇದಕ್ಕೆ ಕಾರಣವನ್ನು ಹುಡುಕಿದವರಿಗೆ ಮೊದಲು ಕಂಡುದು ಕೌಬರ್ಡ್ ಎಂಬ ಹಕ್ಕಿ. ನಮ್ಮ ಕೋಗಿಲೆಯು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದನ್ನು ಎಲ್ಲರೂ ಬಲ್ಲರು. ಕೌಬರ್ಡಿನ ಪದ್ಧತಿಯೂ ಅಂಥದೇ. ಪೂರ್ವದಲ್ಲಿ ಇದು ಉತ್ತರ ಅಮೆರಿಕಾದ ನಡುಭಾಗದ ಹುಲ್ಲುಗಾವಲುಗಳಲ್ಲಿ ಕಾಡೆಮ್ಮೆಗಳ ಹಿಂಡನ್ನು ಅನುಸರಿಸಿಕೊಂಡಿತ್ತು. ಮಿಚಿಗನ್ನಿನ ಕಾಡುಗಳನ್ನು ಕಡಿದು ಹೊಲಗಳನ್ನಾಗಿ ಮಾಡಿದ ಮೇಲೆ ಅಲ್ಲಿಗೂ ಬಂದು ನೆಲಸಿತು. ಅದರ ಮೊಟ್ಟೆಯು ಉಲಿಯಕ್ಕಿಯ ಮೊಟ್ಟೆಗಿಂತ ಮುಂಚೆ ಒಡೆಯುತ್ತದೆ, ಮರಿಯು ದೊಡ್ಡದು, ತಾಯಿ ತಂದ ಆಹಾರವನ್ನು ಅದೇ ಕಸಿದುಕೊಳ್ಳುತ್ತದೆ. ಹೊಸದಾಗಿ ಬಂದ ಈ ಶತ್ರುವಿಗೆ ಎದುರಾಗಿ ಉಲಿಯಕ್ಕಿಯಲ್ಲಿ ಯಾವ ಉಪಾಯವೂ ಇರಲಿಲ್ಲ. ಆ ಕಾಲದಲ್ಲಿ ಅದರ ಗೂಡುಗಳಲ್ಲಿ ಅರ್ಧಕ್ಕಿಂತಲೂ ಹೆಚ್ಚಿನವುಗಳಲ್ಲಿ ಕೌಬರ್ಡಿನ ಮೊಟ್ಟೆಗಳಿದ್ದುವು.

1972ರಿಂದ ದೊಡ್ಡ ಪಂಜರಗಳನ್ನಿಟ್ಟು ವರ್ಷ ವರ್ಷವೂ ಸಾವಿರಾರು ಕೌಬರ್ಡುಗಳನ್ನು ಹಿಡಿಯತೊಡಗಿದರು. ಗೂಡುಗಳಿಂದ ಮರಿಗಳು ಕ್ಷೇಮವಾಗಿ ಹಾರಿಹೋಗುವುದು ಹೆಚ್ಚಿತು. ಹೀಗಿದ್ದರೂ 1974ರಲ್ಲಿ 167 ಗಂಡುಹಕ್ಕಿಗಳು ಕೇಳಿಬಂದುವು. ಹದಿಮೂರು ವರ್ಷಗಳ ಅನಂತರ 1987ರಲ್ಲಿಯೂ ಅದೇ 167. ಇಳಿಯುವುದು ನಿಂತಿತು, ಏರಲಿಲ್ಲ. ಶತ್ರುವನ್ನು ಓಡಿಸಿದರು, ಆದರೆ ಹೊಸದಾಗಿ ಹುಟ್ಟಿದ ಮರಿಗಳು ಬೆಳೆದು ಸಂಸಾರ ಹೂಡುವುದಕ್ಕೆ ಮನೆಯೇ ಇರಲಿಲ್ಲ.

ಬೆಂಕಿಯ ಪಾಠ

ಇದಕ್ಕೆ ಮುಂಚೆ 1980ನೆಯ ಮೇ 5ರಂದು ಮ್ಯಾಕ್ ಸರೋವರದ ಬಳಿ ಒಂದು ದುರಂತವು ನಡೆದಿತ್ತು. ಉಲಿಯಕ್ಕಿಗೆ ಎಳೆಯ ತೋಪನ್ನು ಸಿದ್ಧಗೊಳಿಸುವುದಕ್ಕಾಗಿ ಅರಣ್ಯದವರು ಹಚ್ಚಿದ ಬೆಂಕಿಯು ಗಾಳಿಗೆ ಸಿಕ್ಕಿ ಕೈಮೀರಿಹೋಯಿತು. ಸುಮಾರು 24,000 ಎಕರೆ ಕಾಡು ಸುಟ್ಟಿತು. 44 ಮನೆಗಳು ಬೂದಿಯಾದುವು. ಬೆಂಕಿಯನ್ನು ಆರಿಸಲು ಹೋದ ಒಬ್ಬ ನೌಕರನು ಪ್ರಾಣವನ್ನೇ ತೆತ್ತನು. ಹಕ್ಕಿಯ ಮೇಲಿನ ಪ್ರೀತಿಗಾಗಿ ಮನುಷ್ಯರು ಇಂಥ ಬೆಲೆಯನ್ನು ಕೊಡಬೇಕೆಂದು ಯಾರೂ ಹೇಳಲಾರರು.

ಆದರೂ ಆ ಸುಟ್ಟ ನೆಲವು ತನ್ನ ಕೆಲಸವನ್ನು ಮಾಡಿತು. ಕೆಲವು ವರ್ಷಗಳಲ್ಲಿ ಅಲ್ಲಿ ಎಳೆಯ ಪೈನುಗಳು ದಟ್ಟವಾಗಿ ಎದ್ದುವು. ಉಲಿಯಕ್ಕಿಗಳು ಬಂದು ಸೇರಿದುವು. 1987ರಲ್ಲಿ 167 ಇದ್ದ ಗಂಡುಹಕ್ಕಿಗಳು 1994ರಲ್ಲಿ 633 ಆದುವು. ಕೊರತೆಯಾಗಿದ್ದುದು ಮನೆಯೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

ಜನವಸತಿಯಿರುವಲ್ಲಿ ಬೆಂಕಿಯನ್ನು ನಂಬುವಂತಿಲ್ಲವಾದುದರಿಂದ ಅರಣ್ಯಾಧಿಕಾರಿಗಳು ಬೇರೊಂದು ದಾರಿಯನ್ನು ಹೆಚ್ಚಾಗಿ ಅನುಸರಿಸಿದರು. ಸುಮಾರು ಐವತ್ತು ವರ್ಷ ಬೆಳೆದ ಮರಗಳನ್ನು ಸರದಿಯಂತೆ ಕಡಿದು ಮಾರುವುದು. ಆ ಸ್ಥಳದಲ್ಲಿ ನಡುನಡುವೆ ಬಯಲನ್ನು ಬಿಟ್ಟು ಲಕ್ಷಗಟ್ಟಲೆ ಸಸಿಗಳನ್ನು ನೆಡುವುದು. ಹೀಗೆ ಒಂದು ತೋಪು ಮುಪ್ಪಾಗುವಷ್ಟರಲ್ಲಿ ಇನ್ನೊಂದು ಸಿದ್ಧವಾಗಿರುತ್ತದೆ. ಮರದ ವ್ಯಾಪಾರಕ್ಕೂ ಹಾನಿಯಿಲ್ಲ. 2001ರಲ್ಲಿ ಗಂಡುಹಕ್ಕಿಗಳ ಸಂಖ್ಯೆಯು ಸಾವಿರವನ್ನು ದಾಟಿತು. 2007ರ ವೇಳೆಗೆ ವಿಸ್ಕಾನ್ಸಿನ್ ಪ್ರಾಂತದಲ್ಲಿಯೂ ಕೆನಡಾ ದೇಶದ ಒಂಟೇರಿಯೋದಲ್ಲಿಯೂ ಗೂಡುಗಳು ಕಾಣಿಸಿಕೊಂಡುವು. 2019ರಲ್ಲಿ ಅಮೆರಿಕಾ ಸರಕಾರವು ಈ ಹಕ್ಕಿಯನ್ನು ಅಳಿವಿನಂಚಿನ ಜೀವಿಗಳ ಪಟ್ಟಿಯಿಂದ ತೆಗೆದುಹಾಕಿತು. 2021ರ ಗಣತಿಯಲ್ಲಿ 2,245 ಜೋಡಿಗಳಿದ್ದುವು.

ಪಟ್ಟಿಯಿಂದ ಹೆಸರು ಹೋದ ಮಾತ್ರಕ್ಕೆ ಕೆಲಸವು ಮುಗಿಯಲಿಲ್ಲ. ನೆಡುವುದನ್ನು ನಿಲ್ಲಿಸಿದರೆ ಇಪ್ಪತ್ತು ವರ್ಷಗಳಲ್ಲಿ ತೋಪುಗಳೆಲ್ಲ ಮುಪ್ಪಾಗುವುವು. ಹಕ್ಕಿಯು ಹಿಂದಿನ ಗತಿಗೇ ಬರುವುದು.

ಚಳಿಗಾಲದ ಮನೆ

ಹಕ್ಕಿಯು ಮಿಚಿಗನ್ನಿನಲ್ಲಿ ಇರುವುದು ವರ್ಷದ ಅರ್ಧಭಾಗಕ್ಕಿಂತ ಕಡಮೆ. ಉಳಿದ ಕಾಲದಲ್ಲಿ ಅದು ಪ್ರಯಾಣದಲ್ಲಿರುತ್ತದೆ, ಇಲ್ಲವೆ ಸಾವಿರಕ್ಕೂ ಹೆಚ್ಚು ಮೈಲಿ ದೂರದ ಬಹಾಮಾ ದ್ವೀಪಗಳಲ್ಲಿರುತ್ತದೆ. ಅಲ್ಲಿಯೂ ಅದು ದೊಡ್ಡ ಕಾಡನ್ನು ಬಯಸದೆ ಕುರುಚಲು ಪೊದೆಗಳಲ್ಲಿಯೇ ವಾಸಿಸುತ್ತದೆ. ನಮ್ಮ ಬೇಲಿಗಳಲ್ಲಿ ಹಬ್ಬಿರುವ ಲಂಟಾನ ಗಿಡಕ್ಕೆ ದಾಯಾದಿಯಾದ ಒಂದು ಪೊದೆಯ ಹಣ್ಣು ಅದಕ್ಕೆ ಅಲ್ಲಿ ಮುಖ್ಯ ಆಹಾರಗಳಲ್ಲೊಂದು. ಮಾರ್ಚಿ ತಿಂಗಳಿನಲ್ಲಿ ಅಲ್ಲಿ ಮಳೆಯು ಕಡಮೆಯಾದರೆ ಹಣ್ಣುಗಳೂ ಹುಳುಗಳೂ ಕಡಮೆಯಾಗಿ, ಹಕ್ಕಿಗಳು ಮಿಚಿಗನ್ನಿಗೆ ತಡವಾಗಿ ಬಂದು ಸೇರುತ್ತವೆಂದು ಸಂಶೋಧಕರು ಕಂಡುಕೊಂಡಿದ್ದಾರೆ. ತಡವಾಗಿ ಬಂದವುಗಳಿಗೆ ಸಂತಾನವೂ ಕಡಮೆ. ಹೀಗೆ ಒಂದು ದೇಶದ ಮಳೆಯು ಇನ್ನೊಂದು ದೇಶದ ಗೂಡನ್ನು ತುಂಬಿಸುವುದು ಅಥವಾ ಬರಿದುಮಾಡುವುದು.

ಅಭ್ಯಾಸಕ್ಕೆ

ಈ ವೃತ್ತಾಂತದಿಂದ ನಾವು ನಾಲ್ಕು ಪ್ರಶ್ನೆಗಳನ್ನು ಕಲಿಯಬಹುದು. ನಮ್ಮ ಹಿತ್ತಿಲಿಗೆ ಬರುವ ಯಾವ ಹಕ್ಕಿಯನ್ನು ಕುರಿತಾದರೂ ಮಕ್ಕಳು ಈ ಪ್ರಶ್ನೆಗಳನ್ನು ಕೇಳಿ, ತಾವು ಕಂಡ ಉತ್ತರವನ್ನು ದಿನಾಂಕಸಹಿತ ಪುಸ್ತಕದಲ್ಲಿ ಬರೆದಿಡಲಿ.

1. ಇದು ಗೂಡನ್ನು ಎಲ್ಲಿ, ಎಂಥ ಗಿಡದಲ್ಲಿ, ಎಷ್ಟು ಎತ್ತರದಲ್ಲಿ ಕಟ್ಟುತ್ತದೆ?
2. ಮರಿಗಳಿಗೆ ಯಾವ ಆಹಾರವನ್ನು ತರುತ್ತದೆ?
3. ಗೂಡಿಗೆ ಯಾರಿಂದ ಕೇಡು ಬರುತ್ತದೆ?
4. ವರ್ಷವೆಲ್ಲ ಇಲ್ಲಿಯೇ ಇರುತ್ತದೆಯೇ, ಅಥವಾ ಯಾವ ತಿಂಗಳಿನಲ್ಲಿ ಬಂದು ಯಾವ ತಿಂಗಳಿನಲ್ಲಿ ಹೋಗುತ್ತದೆ?

ಒಂದು ಪೊದೆಯನ್ನು ಕಡಿಸುವುದಕ್ಕೆ ಮುಂಚೆ, ಒಂದು ಬಯಲಿನಲ್ಲಿ ಮರ ನೆಡುವುದಕ್ಕೆ ಮುಂಚೆಯೂ, ಅಲ್ಲಿ ಯಾರ ಸಂಸಾರವಿದೆ ಎಂದು ವಿಚಾರಿಸುವ ಅಭ್ಯಾಸವು ನಮ್ಮ ಮಕ್ಕಳಲ್ಲಿ ಬೆಳೆದರೆ ಈ ಪಾಠವು ಸಾರ್ಥಕವಾಯಿತೆಂದು ತಿಳಿಯುತ್ತೇವೆ.