ಉಸಿರಿನ ಪಾಠ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ತೆಂಗು ನಮಗೆ ಊಟದೊಡನೆ ಉರುವಲನ್ನೂ ಕೊಟ್ಟಿರುವುದು. ಸೋಗೆ, ಮಟ್ಟೆ, ಚಿಪ್ಪುಗಳು ಒಲೆಗೆ ಸಲ್ಲುವುವು. ಗ್ಯಾಸಿನ ಒಲೆ ಬಂದ ಮೇಲೂ ಸ್ನಾನದ ಹಂಡೆಯ ಕೆಳಗಿನ ಉರಿ ಹಲವು ಮನೆಗಳಲ್ಲಿ ಆರಿಲ್ಲ. ಈ ಹೊಗೆಯಲ್ಲಿ ಬಹುಕಾಲ ದುಡಿದ ತಾಯಂದಿರಿಗೆ, ಬೀಡಿಯನ್ನು ಮುಟ್ಟದವರಿಗೂ, ಶ್ವಾಸನಾಳಗಳು ಕಿರಿದಾಗಿ ಕೆಮ್ಮು, ಕಫ, ಏದುಸಿರು ನೆಲೆಗೊಳ್ಳಬಹುದು. ವೈದ್ಯರು ಇದನ್ನು ಸಿ.ಓ.ಪಿ.ಡಿ. ಎನ್ನುವರು. ನಮ್ಮವರು ವಯಸ್ಸಿನ ದೋಷವೆಂದು ಸುಮ್ಮನಾಗುವರು.

ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ವೈದ್ಯರು ಆ ಜಿಲ್ಲೆಯ ಹಳ್ಳಿಯ ಹೆಂಗಸರನ್ನು ಪರಿಶೀಲಿಸಿ 2013ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿದರು. ದಿನಕ್ಕೆ ಒಲೆಯ ಮುಂದೆ ಕಳೆದ ಗಂಟೆಗಳನ್ನು ವರ್ಷಗಳಿಂದ ಗುಣಿಸಬೇಕು; ಗುಣಲಬ್ಧವು 60ನ್ನು ಮುಟ್ಟಿದರೆ ದೀರ್ಘಕಾಲದ ಕೆಮ್ಮು ಕಫಗಳ ರೋಗದ ಭಯವು ಗಣನೀಯವಾಗುವುದು. ದಿನಕ್ಕೆ 3 ಗಂಟೆಯಂತೆ 20 ವರ್ಷ! ನಮ್ಮ ಹಳೆಯ ವಿದ್ಯಾರ್ಥಿನಿಯರು ತಮ್ಮ ತಾಯಿಗೂ ಅತ್ತೆಗೂ ಈ ಲೆಕ್ಕವನ್ನು ಮಾಡಿನೋಡಲಿ. ಏದುಸಿರಿದ್ದರೆ ಸ್ಪೈರೋಮೆಟ್ರಿಯೆಂಬ ಊದುವ ಪರೀಕ್ಷೆಯನ್ನು ಮಾಡಿಸಲಿ.

ಈ ವ್ಯಾಧಿಯು ಸಂಪೂರ್ಣವಾಗಿ ವಾಸಿಯಾಗತಕ್ಕದ್ದಲ್ಲ; ಹತೋಟಿಯಲ್ಲಿಡತಕ್ಕದ್ದು. ವೈದ್ಯರ ಮುಂದೆ ರೋಗಿಯು ಕಳೆಯುವುದು ಕೆಲವೇ ಗಳಿಗೆ. ಮಿಕ್ಕ ಕಾಲವೆಲ್ಲ ಆಕೆಯೇ ತನ್ನ ದಾದಿ. ಆದುದರಿಂದ ಔಷಧದಷ್ಟೇ ಶಿಕ್ಷಣವೂ ಆಕೆಗೆ ಬೇಕು.

ಮೊದಲನೆಯದು ಇನ್‌ಹೇಲರ್. ಹಿಡಿದರೆ ಬಿಡದ ಚಟವೆಂದು ಇದಕ್ಕೆ ಅಂಜುವವರು ಅನೇಕರು. ಆ ಅಂಜಿಕೆಗೆ ಆಧಾರವಿಲ್ಲ. ಒತ್ತುವ ಬಗೆಯದನ್ನು ಚೆನ್ನಾಗಿ ಅಲುಗಿಸಿ, ಉಸಿರನ್ನು ಹೊರಬಿಟ್ಟು, ತುಟಿಗಳಿಂದ ಬಿಗಿಯಾಗಿ ಹಿಡಿದು, ಮೆಲ್ಲನೆ ಒಳಗೆಳೆಯುತ್ತಲೇ ಒತ್ತಿ, ಹತ್ತು ಎಣಿಸುವವರೆಗೆ ಉಸಿರನ್ನು ತಡೆಯಬೇಕು. ಪುಡಿಯ ಬಗೆಯದಾದರೆ ಜೋರಾಗಿ ಎಳೆಯಬೇಕು. ಬಳಿಕ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲಿ ಉಪಾಧ್ಯಾಯಿನಿಯರಾದ ನಮ್ಮದೊಂದು ಮಾತು: "ತಿಳಿಯಿತೇ?" ಎಂದು ಕೇಳಿದರೆ ಇಲ್ಲವೆನ್ನುವ ಶಿಷ್ಯೆ ವಿರಳ. ಅತ್ತೆಯವರನ್ನು "ಒಮ್ಮೆ ಮಾಡಿ ತೋರಿಸಿರಮ್ಮ" ಎಂದೇ ಕೇಳಬೇಕು. ತಿಂಗಳಿಗೊಮ್ಮೆ ಮತ್ತೆ ಕೇಳಬೇಕು.

ಏದುಸಿರು ಬಂದಾಗ ಕುಳಿತು, ಮುಂದಕ್ಕೆ ಬಾಗಿ, ಮೂಗಿನಿಂದ ಉಸಿರೆಳೆದು, ದೀಪದ ಕುಡಿಯು ಆರದೆ ಬರಿದೆ ಬಾಗುವಷ್ಟು ಮೆಲ್ಲಗೆ, ತುಟಿಗಳನ್ನು ಕಿರಿದುಮಾಡಿ ಊದುತ್ತಿರಬೇಕು. ಎಳೆಯುವುದಕ್ಕಿಂತ ಬಿಡುವುದು ಎರಡು ಪಟ್ಟು ದೀರ್ಘವಾಗಿರಲಿ. ಉಬ್ಬಸದ ಭಯದಿಂದ ಮೂಲೆಹಿಡಿಯಬಾರದು. ತೋಟದವರೆಗೆ ದಿನವೂ ತಮ್ಮ ಶಕ್ತಿಯಿದ್ದಷ್ಟು ನಡೆಯಲಿ.

ಕಫದ ಬಣ್ಣವನ್ನೂ ಉಸಿರಿನ ಸ್ಥಿತಿಯನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಮೊಮ್ಮಗಳು ಗುರುತುಹಾಕಬಹುದು. ಕಫವು ಹೆಚ್ಚಿ ಹಳದಿ ಹಸುರಿಗೆ ತಿರುಗಿದರೆ, ಇಲ್ಲವೆ ಎಂದಿಗಿಂತ ಹೆಚ್ಚು ಉಬ್ಬಸವಾದರೆ, ಅಂದೇ ವೈದ್ಯರನ್ನು ಕಾಣಬೇಕು. ಒಂದು ವಾಕ್ಯವನ್ನು ಮುಗಿಸಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಮಂಪರು ಕವಿದರೆ, ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯತಕ್ಕದ್ದು.